ಚಕ್ಕುಲಿ, ಬೋಂಡ ಮತ್ತು ಒಂದು ಕ್ರಿಸ್‌ಮಸ್ ಮರ

ಈ ಸಲದ ಇ-ಪುಸ್ತಿಕೆಗೆ ಏನಾದ್ರೂ ಬರೀರಿ ಅಂತ ಸಂಪಾದಕ ಬಳಗದಿಂದ ಮೆಸೇಜ್ ಬಂದಾಗ ನಮ್ಮ ಮನೆಯಲ್ಲಿ ಮೂರು ಅಭಿಪ್ರಾಯ ಹುಟ್ಟಿದವು. ವೀಸಾ ಅಪಾಯಿಂಟ್‌ಮೆಂಟ್ ಬಗ್ಗೆ ಬರೆಯೋಣ ಅಂತ ಒಬ್ಬರು, ಪಾರ್ಟ್‌ಟೈಮ್ ಕೆಲಸ ಹುಡುಕೋ ಬಗ್ಗೆ ಬರೆಯೋಣ ಅಂತ ಇನ್ನೊಬ್ಬರು. ಅವೆರಡೂ ಪ್ರತಿ ವರ್ಷ ಇರುತ್ತವೆ, ಈ ವರ್ಷವೂ ಯಾರಾದರೂ ಬರೆದೇ ಬರೆದಿರುತ್ತಾರೆ. ಹಾಗಾಗಿ ಮೂರನೆಯದೇ ಗೆದ್ದಿತು. ಕಳೆದ ಡಿಸೆಂಬರ್‌ನಲ್ಲಿ ನಮ್ಮ ಮನೆಯಲ್ಲಿ ಒಂದು ಮರ ಮತ್ತು ಎರಡು ಬೆಕ್ಕಿನ ಮರಿಗಳ ನಡುವೆ ನಡೆದ ಕಥೆ, ಅದರಿಂದ ನಾವು ಮೂವರೂ ಕಟ್ಟಿಕೊಂಡ ಅಭಿಪ್ರಾಯ. ಸಂಘದಲ್ಲಿ ನಮಗೆ ಗೊತ್ತಿರುವಂತೆ ಇನ್ನೂ ನಾಲ್ಕೈದು ಮನೆಗಳಲ್ಲಿ ಬೆಕ್ಕುಗಳಿವೆ. ಡಿಸೆಂಬರ್ ಮತ್ತೆ ಬರ್ತಾ ಇದೆ. ಆದ್ದರಿಂದ ಸ್ವಲ್ಪ ಒರಟಾಗಿಯೇ ಬರೆದರೂ ಪರವಾಗಿಲ್ಲ ಅನ್ನಿಸಿದೆ.

ನಾವು ಅಂದರೆ ಕೆಮ್ನಿಟ್ಸ್‌ನ ಕಾಸ್‌ಬರ್ಗ್‌ನಲ್ಲಿ ಮೂರನೇ ಮಹಡಿಯ ಒಂದು ಹಳೇ ಮನೆಯನ್ನು ಹಂಚಿಕೊಂಡಿರುವ ಮೂವರು. ದಾವಣಗೆರೆಯವನೊಬ್ಬ, ಹಾಸನದವಳೊಬ್ಬಳು, ಮಂಗಳೂರಿನವಳೊಬ್ಬಳು. ಮೂವರೂ ಊರಲ್ಲಿ ಎಂಜಿನಿಯರಿಂಗ್ ಮುಗಿಸಿ ಮಾಸ್ಟರ್ಸ್‌ಗೆ ಬಂದವರು, ಇಪ್ಪತ್ನಾಲ್ಕರ ಆಸುಪಾಸಿನವರು. ಕಳೆದ ಅಕ್ಟೋಬರ್‌ನಲ್ಲಿ ಕೆಳಮನೆಯ ಜರ್ಮನ್ ಅಜ್ಜಿ, ನಾವು ಓಮಾ ಅಂತಲೇ ಕರೆಯೋದು, ತಮ್ಮ ಮಗಳ ಹಳ್ಳಿಮನೆಯ ಬೆಕ್ಕು ಮರಿ ಹಾಕಿದೆ, ಎರಡಕ್ಕೆ ಮನೆ ಸಿಕ್ಕಿಲ್ಲ ಅಂದರು. ಬಾಡಿಗೆ ಕರಾರಿನಲ್ಲಿ ಬೆಕ್ಕು-ನಾಯಿ ಸಾರಾಸಗಟಾಗಿ ನಿಷೇಧ ಅಂತ ಅಚ್ಚು ಹಾಕಿದ್ದರೆ ಅದು ನಿಲ್ಲೋದಿಲ್ಲ ಎಂದು ಇಲ್ಲಿನ ಫೆಡರಲ್ ನ್ಯಾಯಾಲಯ 2013ರಲ್ಲೇ ಹೇಳಿದೆ. ಆದರೂ ಮಾಲೀಕರನ್ನು ಕೇಳಿ, ಒಪ್ಪಿಗೆಯ ಇಮೇಲ್ ತರಿಸಿಕೊಂಡೇ ಮರಿಗಳನ್ನು ತಂದೆವು. ಬಾಲ ಸದಾ ಸುರುಳಿ ಸುತ್ತಿಕೊಂಡೇ ಇರುತ್ತಿದ್ದುದಕ್ಕೆ ಒಂದರ ಹೆಸರು ಚಕ್ಕುಲಿ. ಇನ್ನೊಂದನ್ನು ನೋಡಿದವರು ಯಾರೂ ಬೋಂಡ ಎಂಬ ಹೆಸರು ಯಾಕೆ ಅಂತ ಕೇಳಿಲ್ಲ.

ಮರದ ಆಸೆ ಮಂಗಳೂರಿನವಳದು. ಮನೆಯಿಂದ ದೂರ ಅವಳ ಮೊದಲ ಕ್ರಿಸ್‌ಮಸ್. ಅವರ ಮನೆಯಲ್ಲಿ ಡಿಸೆಂಬರ್ ಅಂದರೆ ಗೋದಲಿ, ಬಾಗಿಲಿಗೆ ನಕ್ಷತ್ರ, ಅಡುಗೆಮನೆಯಲ್ಲಿ ಕುಸ್ವಾರ್. ಗೋದಲಿಗೆ ಹಸಿರು ಕಾಣಲಿ ಅಂತ ತಟ್ಟೆಯಲ್ಲಿ ಮೊಳಕೆ ಬರಿಸಿದ ಪೈರು ಇಡೋದು, ಒಣಹುಲ್ಲು ಹಾಸೋದು, ಆ ಹುಲ್ಲಿನ ಮೇಲೆ ಬಾಲಯೇಸುವಿಗಿಂತ ಮೊದಲು ಮನೆಯ ಬೆಕ್ಕು ಬಂದು ಮಲಗೋದು. ಯಾರೂ ಅದನ್ನು ಓಡಿಸ್ತಿರಲಿಲ್ಲವಂತೆ. ಉಳಿದಿಬ್ಬರಿಗೆ ಮರ ಸಿನಿಮಾದಲ್ಲಿ ನೋಡಿದ್ದು. ‘ನಮ್ಮ ಹಬ್ಬ ಅಲ್ಲ, ಯಾಕೆ?’ ಎಂದು ಊರಿಂದ ಒಂದು ಫೋನ್ ಬಂದದ್ದು ನಿಜ. ಇಲ್ಲಿ ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆ ಸೂರ್ಯ ಮುಳುಗುತ್ತಾನೆ, ಕಿಟಕಿ ಕಿಟಕಿಯಲ್ಲೂ ಮರದ ಕಮಾನಿನ ದೀಪ ಹಚ್ಚಿರ್ತಾರೆ, ನಮ್ಮದೊಂದೇ ಕಿಟಕಿ ಕತ್ತಲೆ ಇದ್ದರೆ ಮೆಟ್ಟಿಲು ಹತ್ತಿ ಬರೋಕೇ ಬೇಜಾರಾಗತ್ತೆ. ಆ ಪ್ರಶ್ನೆಗೆ ಇದಕ್ಕಿಂತ ದೊಡ್ಡ ಉತ್ತರ ನಮ್ಮ ಹತ್ತಿರ ಇಲ್ಲ, ಬೇಕೂ ಇಲ್ಲ.

ಡಿಸೆಂಬರ್ ಮೊದಲ ಶನಿವಾರ ಒಂದೂವರೆ ಮೀಟರ್ ಎತ್ತರದ ನೋರ್ಡ್‌ಮನ್ ಮರ ತಂದೆವು. ಕಾಕಸಸ್ ಬೆಟ್ಟಗಳ ಮೂಲದ ಫರ್ ಜಾತಿ ಇದು, ಜರ್ಮನಿಯಲ್ಲಿ ಜನ ಅತಿ ಹೆಚ್ಚು ಕೊಳ್ಳುವ ಮರ. ಸೂಜಿ ಎಲೆಗಳು ಮೆತ್ತಗಿರುತ್ತವೆ, ಬೇಗ ಉದುರೋದಿಲ್ಲ. ಮಕ್ಕಳಿಗೆ ಚುಚ್ಚುವುದಿಲ್ಲ ಅನ್ನೋದು ಇದರ ಹೆಗ್ಗಳಿಕೆ. ಬೆಕ್ಕಿನ ಮರಿಗಳಿಗೂ ಚುಚ್ಚುವುದಿಲ್ಲ ಅನ್ನೋದನ್ನು ಮಾರುವವನು ಹೇಳಲಿಲ್ಲ, ನಾವೂ ಕೇಳಲಿಲ್ಲ. ನೀಲಿ ಸ್ಪ್ರೂಸ್ ತಗೊಂಡಿದ್ದರೆ ಗಡುಸು ಮುಳ್ಳಿಗೆ ಹೆದರಿ ಮರಿಗಳು ಅರ್ಧ ದಾರಿಯಲ್ಲೇ ಇಳಿಯುತ್ತಿದ್ದವೋ ಏನೋ. ಟ್ರಾಮಿನಲ್ಲಿ ಬಲೆ ಸುತ್ತಿದ ಮರವನ್ನು ಹೆಣದ ಥರ ಇಬ್ಬರು ಹಿಡಿದುಕೊಂಡು ಬಂದದ್ದು ಬೇರೆ ಕಥೆ.

ಅವತ್ತೇ ಸಂಜೆ ದೀಪ, ಗಾಜಿನ ಗುಂಡು ಎಲ್ಲ ತೂಗು ಹಾಕಿ, ಫೋಟೋ ತೆಗೆದು, ಊರಿಗೆ ಕಳಿಸಿ ಮಲಗಿದೆವು. ರಾತ್ರಿ ಎರಡೂವರೆಗೆ ಮರ ಬಿತ್ತು. ಎದ್ದು ಬಂದು ನೋಡಿದರೆ ಹಾಲ್ ತುಂಬ ನೀರು, ಗಾಜು, ಸೂಜಿ. ಬೋಂಡ ಸೋಫಾದ ಮೇಲೆ ಕೂತು ಮುಖ ತೊಳೆದುಕೊಳ್ತಾ ಇದ್ದ. ಚಕ್ಕುಲಿ ಫ್ರಿಜ್ ಮೇಲಿದ್ದಳು. ಯಾರಿಗೂ ಏನೂ ಆಗಿರಲಿಲ್ಲ ಅನ್ನೋದು ನಮ್ಮ ಪುಣ್ಯ.

ಇಲ್ಲಿ ನಮ್ಮ ಎಂಜಿನಿಯರಿಂಗ್ ತಲೆ ಎದ್ದು ಕೂತಿತು. ಸುಮ್ಮನೆ ಬೈಯೋದಕ್ಕಿಂತ ಲೆಕ್ಕ ಹಾಕೋಣ ಅಂತ ಬೆಳಿಗ್ಗೆ ಕಾಫಿ ಜೊತೆ ಪೇಪರ್ ತಗೊಂಡೆವು. ಮರ 6 ಕೆಜಿ, ನೀರು ತುಂಬಿದ ಸ್ಟ್ಯಾಂಡ್ 4 ಕೆಜಿ, ಬೋಂಡ ಎರಡೂವರೆ ಕೆಜಿ. ಸೋಫಾದ ಬೆನ್ನಿನ ಮೇಲಿಂದ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಹಾರಿ 1.2 ಮೀಟರ್ ಎತ್ತರದಲ್ಲಿ ಕಾಂಡ ತಬ್ಬಿಕೊಂಡ ಅಂತ ಇಟ್ಟುಕೊಳ್ಳೋಣ. ಕೋನೀಯ ಸಂವೇಗ ಉಳಿಯುತ್ತದೆ ಎಂಬ ಹಳೇ ಪಾಠ ಹಾಕಿದರೆ, ಮರ-ಬೆಕ್ಕು ಸೇರಿ ವಾಲಲು ಶುರುವಾದಾಗ ಅವುಗಳಲ್ಲಿ ಸುಮಾರು 6 ಜೂಲ್ ಚಲನಶಕ್ತಿ ಇರುತ್ತದೆ. ನಮ್ಮ ಸ್ಟ್ಯಾಂಡಿನ ಅಗಲ 40 ಸೆಂಟಿಮೀಟರ್. ಅಷ್ಟು ಅಗಲದ ಪಾದದ ಅಂಚು ದಾಟಿಸಿ ಮರವನ್ನು ಕೆಡವಲು ಬೇಕಾದ್ದು ಹೆಚ್ಚುಕಡಿಮೆ 4 ಜೂಲ್. ಅಂದರೆ ಬೀಳಲೇಬೇಕು, ಬಿತ್ತು. ಅದೇ ಪಾದ 60 ಸೆಂಟಿಮೀಟರ್ ಅಗಲ ಇದ್ದಿದ್ದರೆ 9 ಜೂಲ್ ಬೇಕಾಗ್ತಿತ್ತು, ಮರ ಒಮ್ಮೆ ತೂಗಾಡಿ ವಾಪಸ್ ನಿಲ್ಲುತ್ತಿತ್ತು. ಪಾದದ ಅಗಲ ಒಂದೂವರೆ ಪಟ್ಟು ಮಾಡಿದರೆ ತಡೆಯುವ ಶಕ್ತಿ ಎರಡು ಪಟ್ಟಿಗೂ ಮೀರುತ್ತದೆ. ಅಂಗಡಿಯಲ್ಲಿ ಐದಾರು ಯೂರೋ ಉಳಿಸೋಕೆ ಚಿಕ್ಕ ಸ್ಟ್ಯಾಂಡ್ ತಗೊಳ್ಳುವವರು ಈ ಸಾಲನ್ನು ಎರಡು ಸಲ ಓದಿಕೊಳ್ಳಲಿ.

ಹೊಸ ಸ್ಟ್ಯಾಂಡಿಗೆ ಆ ತಿಂಗಳು ದುಡ್ಡಿರಲಿಲ್ಲ. ಭಾನುವಾರ ಅಂಗಡಿಯೂ ಇಲ್ಲ. ಮನೆಯಲ್ಲಿ ಇದ್ದದ್ದು ಇಂಡಿಯನ್ ಸ್ಟೋರ್‌ನಿಂದ ತಂದ 10 ಕೆಜಿ ಸೋನಾ ಮಸೂರಿ. ಮೂಟೆಯನ್ನು ಸ್ಟ್ಯಾಂಡಿನ ಕಾಲುಗಳ ಮೇಲೆ ಸುತ್ತಿ ಕೂರಿಸಿದರೆ ಗುರುತ್ವಕೇಂದ್ರ ಕೆಳಗಿಳಿದು ಕೆಡವಲು ಬೇಕಾದ ಶಕ್ತಿ 11 ಜೂಲ್ ದಾಟುತ್ತದೆ. ಲೆಕ್ಕ ಮುಗಿದ ತಕ್ಷಣ ದಾವಣಗೆರೆಯವನು ಮೂಟೆ ಎತ್ತಿಕೊಂಡು ಬಂದ. ಮೇಲೆ ಒಂದು ಕೆಂಪು ಶಾಲು ಹೊದಿಸಿದೆವು. ಮರದ ಮೂರನೇ ಎರಡು ಭಾಗದ ಎತ್ತರಕ್ಕೆ ದಪ್ಪ ನೂಲಿನ ಹಗ್ಗ ಕಟ್ಟಿ ಮೂಲೆಯ ಎರಡು ಗೋಡೆಗಳ ಕೊಕ್ಕೆಗೆ ಬಿಗಿದೆವು, ಚಪ್ಪರದ ಕಂಬಕ್ಕೆ ಹಗ್ಗ ಎಳೆದು ಕಟ್ಟೋ ಹಾಗೆ. ಈ ಕೆಲಸಕ್ಕೆ ಕಣ್ಣಿಗೆ ಕಾಣದ ಮೀನುಗಾಳದ ದಾರ ಒಳ್ಳೆಯದು ಅಂತ ಹೇಳುವವರಿದ್ದಾರೆ. ಬೆಕ್ಕಿರುವ ಮನೆಗೆ ತೆಳು ನೈಲಾನ್ ದಾರ ತರೋದು ಕಳ್ಳನ ಭಯಕ್ಕೆ ಹಾವು ಸಾಕಿದ ಹಾಗೆ. ಕಾರಣ ಮುಂದೆ ಬರುತ್ತದೆ.

ಸೋಫಾವನ್ನು ಮರದಿಂದ ದೂರ ಸರಿಸಿದೆವು. ಹಾರಲು ಮೆಟ್ಟಿಲೇ ಇಲ್ಲದಿದ್ದರೆ ಅರ್ಧ ಯುದ್ಧ ಗೆದ್ದಂತೆ. ಗಾಜಿನ ಗುಂಡುಗಳನ್ನೆಲ್ಲ ತೆಗೆದಿಟ್ಟೆವು. ಪಕ್ಕದ ತ್ಯೂರಿಂಗನ್‌ನ ಲೌಶಾ ಊರಿನವರು 19ನೇ ಶತಮಾನದಿಂದ ಊದಿ ಮಾಡುತ್ತಿರುವ ಆ ಗಾಜಿನ ಗುಂಡುಗಳು ಎಷ್ಟೇ ಚೆನ್ನಾಗಿದ್ದರೂ ಐದು ತಿಂಗಳ ಮರಿ ಇರುವ ಮನೆಗೆ ಅಲ್ಲ. ಬದಲಿಗೆ ನಮ್ಮ ಊರಿನ ದಕ್ಷಿಣಕ್ಕಿರುವ ಎರ್ಟ್ಸ್‌ಗೆಬಿರ್ಗ ಬೆಟ್ಟಸಾಲಿನ ಮರದ ಗೊಂಬೆಗಳನ್ನು ತಂದೆವು. ಅಲ್ಲಿ ಗಣಿಯಲ್ಲಿ ಅದಿರು ಕಡಿಮೆಯಾದಾಗ ಗಣಿ ಕಾರ್ಮಿಕರು ಮರ ಕಡೆಯುವ ಕಸುಬಿಗೆ ಇಳಿದರಂತೆ. ಸೈಫನ್ ಎಂಬ ಊರಿನವರು ಇವತ್ತಿಗೂ ಮರದ ಒಂದು ಬಳೆಯನ್ನು ಚಕ್ರದಲ್ಲಿ ಕಡೆದು, ಆಮೇಲೆ ಕೇಕಿನಂತೆ ಹೋಳು ಮಾಡುತ್ತಾರೆ. ಒಂದೊಂದು ಹೋಳೂ ಒಂದೊಂದು ಕುದುರೆಯೋ ಹಸುವೋ ಆಗಿರುತ್ತದೆ. ಚನ್ನಪಟ್ಟಣದ ಗೊಂಬೆ ಕಡೆಯುವುದನ್ನು ನೋಡಿದವರಿಗೂ ಇದು ಬೆರಗು. ಬಿದ್ದರೆ ಒಡೆಯುವುದಿಲ್ಲ, ಕಚ್ಚಿದರೆ ಚೂರಾಗುವುದಿಲ್ಲ. ಕೆಳಗಿನ ಎರಡು ಸುತ್ತು ಕೊಂಬೆಗಳಿಗೆ ಏನೂ ಹಾಕದೆ ಬೋಳು ಬಿಟ್ಟೆವು. ದೀಪಕ್ಕೆ ಟ್ರಾನ್ಸ್‌ಫಾರ್ಮರ್ ಇರುವ ಕಡಿಮೆ ವೋಲ್ಟೇಜಿನ ಎಲ್‌ಇಡಿ ಸರ, ವೈರನ್ನು ಕಾಂಡಕ್ಕೆ ಸುತ್ತಿ, ನೆಲದ ಮೇಲೆ ಹೋಗುವ ಭಾಗಕ್ಕೆ ಪ್ಲಾಸ್ಟಿಕ್ ಕೊಳವೆ. ಹೊರಗೆ ಹೋಗುವಾಗ ಪ್ಲಗ್ ಕಿತ್ತು ಹೋಗೋದು. ಸ್ಟ್ಯಾಂಡಿನ ನೀರಿಗೆ ಮುಚ್ಚಳ, ಯಾಕಂದರೆ ನಿಂತ ನೀರಿನಲ್ಲಿ ಅಂಟು, ಬ್ಯಾಕ್ಟೀರಿಯಾ, ಕೆಲವರು ಹಾಕುವ ಗೊಬ್ಬರದ ಪುಡಿ ಎಲ್ಲ ಇರುತ್ತದೆ, ಮತ್ತು ಬೆಕ್ಕುಗಳಿಗೆ ತಮ್ಮ ಬಟ್ಟಲಿನ ನೀರು ಬಿಟ್ಟು ಬೇರೆ ಎಲ್ಲ ನೀರೂ ರುಚಿ.

ಈ ಮಧ್ಯೆ ಸಲಹೆಗಳ ಮಳೆ. ಕಿತ್ತಳೆ ಎಣ್ಣೆ ಸಿಂಪಡಿಸಿ, ಬೆಕ್ಕು ಹತ್ತಿರ ಬರಲ್ಲ ಅಂದರು ಒಬ್ಬರು. ಬೆಕ್ಕಿನ ಯಕೃತ್ತಿಗೆ ಇಂಥ ಎಣ್ಣೆಗಳ ಹಲವು ಅಂಶಗಳನ್ನು ಒಡೆದು ಹೊರಹಾಕುವ ಸಾಮರ್ಥ್ಯ ನಮ್ಮಷ್ಟಿಲ್ಲ. ಕೊಂಬೆ ಉಜ್ಜಿ ಬಂದ ಮೈಯನ್ನು ಅದು ನಾಲಿಗೆಯಿಂದಲೇ ನೆಕ್ಕುತ್ತದೆ. ಮರ ಉಳಿಸೋಕೆ ಬೆಕ್ಕಿಗೆ ವಿಷ ಹಾಕಿದ ಹಾಗಾಯ್ತು. ಖಾರದ ಪುಡಿ ಉದುರಿಸಿ ಅಂದರು ಇನ್ನೊಬ್ಬರು, ಅದಕ್ಕೆ ನಾವು ಉತ್ತರವನ್ನೇ ಕೊಡಲಿಲ್ಲ. ತೆನಾಲಿ ರಾಮನ ಬೆಕ್ಕಿಗೆ ಬಿಸಿ ಹಾಲು ಕುಡಿಸಿದ ಕಥೆಗೆ ಚಿಕ್ಕವರಿದ್ದಾಗ ನಕ್ಕವರು ನಾವೇ. ಮನೆಯಲ್ಲಿ ಬೆಕ್ಕು ಬಂದ ಮೇಲೆ ಆ ಕಥೆ ಅಷ್ಟು ನಗು ತರಿಸಲ್ಲ. ಮರದ ಬುಡಕ್ಕೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಆ ಸದ್ದಿಗೆ ಹೆದರುತ್ತವೆ ಅನ್ನೋ ಸಲಹೆ ನಿರುಪದ್ರವಿ. ಹಾಸಿದೆವು. ಬೋಂಡ ಅದರ ಮೇಲೇ ಮಲಗಿದ.

ಹಾಸನದ ಅಮ್ಮ ವಿಡಿಯೋ ಕಾಲ್‌ನಲ್ಲಿ ಮರ ನೋಡಿ, ‘ಅಷ್ಟೊಂದು ತಲೆನೋವು ಯಾಕ್ರೇ, ನೆಲುವಲ್ಲಿ ತೂಗುಹಾಕ್ರಿ’ ಅಂದರು. ನಕ್ಕೆವು. ಆಮೇಲೆ ಯೋಚಿಸಿದರೆ ಅವರು ಹೇಳಿದ್ದರಲ್ಲಿ ಇಡೀ ತತ್ವ ಇದೆ. ನಮ್ಮ ಅಜ್ಜಿಯಂದಿರು ಬೆಣ್ಣೆ, ಮೊಸರನ್ನು ನೆಲುವಿನಲ್ಲಿ ತೂಗುಹಾಕಿದರೇ ಹೊರತು ಬೆಕ್ಕಿಗೆ ಮೊಸರು ತಿನ್ನಬಾರದು ಅಂತ ಕಲಿಸೋಕೆ ಹೋಗಲಿಲ್ಲ. ಮಾಡಿನಿಂದ ಮರ ತೂಗುಹಾಕೋದು ತಮಾಷೆಯೂ ಅಲ್ಲ. ದಕ್ಷಿಣ ಪೋಲೆಂಡಿನ ಹಳ್ಳಿಮನೆಗಳಲ್ಲಿ ಸ್ಪ್ರೂಸ್ ಮರದ ತುದಿಯನ್ನು ತಲೆಕೆಳಗಾಗಿ ಮಾಡಿಗೆ ತೂಗುಹಾಕಿ ಸಿಂಗರಿಸುವ ಪದ್ಧತಿ ಇತ್ತು, ಅದನ್ನು ಪೊದ್ವಾಜ್ನಿಚ್ಕಾ ಅಂತಾರೆ. ಬಾಡಿಗೆ ಮನೆಯ ಮಾಡಿಗೆ ರಂಧ್ರ ಕೊರೆಯುವ ಧೈರ್ಯ ಇದ್ದಿದ್ದರೆ ನಾವೂ ಮಾಡುತ್ತಿದ್ದೆವು.

ಇನ್ನೊಂದು ಕೆಲಸ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿತು, ಅದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಮರಿಗಳು ಮುಸ್ಸಂಜೆ ಮತ್ತು ನಸುಕಿನಲ್ಲಿ ಬೇಟೆಯ ಹುರುಪಿನಲ್ಲಿರುತ್ತವೆ. ನಾವು ಲ್ಯಾಬ್‌ನಿಂದ ಬಂದು ಲ್ಯಾಪ್‌ಟಾಪ್ ಮುಂದೆ ಕೂತರೆ ಅವುಗಳ ಇಡೀ ದಿನದ ಹುರುಪು ಮರದ ಮೇಲೆ ಹೋಗುತ್ತದೆ. ರಾತ್ರಿ ಮಲಗುವ ಮುಂಚೆ ಇಪ್ಪತ್ತು ನಿಮಿಷ ಕೋಲಿಗೆ ಕಟ್ಟಿದ ಗರಿಯ ಹಿಂದೆ ಓಡಿಸಿ, ಆಮೇಲೆ ಊಟ ಹಾಕಿದರೆ ಮಲಗಿಬಿಡುತ್ತವೆ. ಕಿಟಕಿಯ ಹತ್ತಿರ ಮರಕ್ಕಿಂತ ಎತ್ತರದ ಕಪಾಟಿನ ಮೇಲೆ ಒಂದು ಹಳೇ ಕಂಬಳಿ ಹಾಕಿದೆವು. ಅಲ್ಲಿಂದ ರಸ್ತೆಯೂ ಕಾಣುತ್ತದೆ. ಎತ್ತರದ ಜಾಗ ತಮ್ಮದೇ ಒಂದು ಸಿಕ್ಕ ಮೇಲೆ ಮರ ಹತ್ತುವ ಆಸೆ ವಾರದಲ್ಲಿ ಇಳಿಯಿತು.

ಡಿಸೆಂಬರ್ 20ರ ಹೊತ್ತಿಗೆ ನಾವು ಗೆದ್ದೆವು ಅಂದುಕೊಂಡಿದ್ದೆವು. ಮರ ನೆಟ್ಟಗೆ ನಿಂತಿತ್ತು.

21ಕ್ಕೆ ಸಂಘದ ವರ್ಷಾಂತ್ಯದ ಭೇಟಿ, ಉಡುಗೊರೆ ವಿನಿಮಯ. ಮೂವರಿಗೂ ಬಂದ ಉಡುಗೊರೆಗಳನ್ನು 24ಕ್ಕೆ ಬಿಚ್ಚೋಣ ಅಂತ ಮರದ ಕೆಳಗೆ ಇಟ್ಟೆವು. ಒಂದಕ್ಕೆ ಕತ್ತರಿ ಅಲಗಿನಿಂದ ಎಳೆದರೆ ಸುರುಳಿಯಾಗುತ್ತದಲ್ಲ, ಆ ಪ್ಲಾಸ್ಟಿಕ್ ರಿಬ್ಬನ್ ಕಟ್ಟಿತ್ತು. 24ರ ರಾತ್ರಿ ಬಿಚ್ಚಿದೆವು, ಊಟ ಮಾಡಿದೆವು, ಮಂಗಳೂರಿನವಳು ಮನೆಗೆ ಫೋನ್ ಮಾಡಿ ಸ್ವಲ್ಪ ಅತ್ತಳು. ಕಾಗದ, ರಿಬ್ಬನ್ ಎಲ್ಲ ಬೆಳಿಗ್ಗೆ ಎತ್ತಿದರಾಯ್ತು ಅಂದುಕೊಂಡೆವು.

25ರ ಸಂಜೆ ಚಕ್ಕುಲಿ ಊಟ ಮುಟ್ಟಲಿಲ್ಲ. ಎರಡು ಸಲ ವಾಂತಿ ಮಾಡಿದಳು. ಹಬ್ಬದ ದಿನ ನಾವೇ ಏನಾದರೂ ತಿನ್ನಿಸಿದ್ದೇವೇನೋ ಅಂದುಕೊಂಡೆವು. 26ರ ಬೆಳಿಗ್ಗೆ ಮಂಚದ ಕೆಳಗೆ ಮುದುಡಿಕೊಂಡು ಜೊಲ್ಲು ಸುರಿಸುತ್ತಿದ್ದಳು. ಬಾಯಿ ತೆರೆದು ನೋಡಿದರೆ ನಾಲಿಗೆಯ ಬುಡಕ್ಕೆ ಹಸಿರು ರಿಬ್ಬನ್ ಸುತ್ತಿಕೊಂಡಿದೆ, ಉಳಿದದ್ದು ಗಂಟಲೊಳಗೆ ಹೋಗಿದೆ. ದಾವಣಗೆರೆಯವನು ಹಿಡಿದು ಎಳೆಯಲು ಕೈ ಹಾಕಿದ್ದ. ಗಲಾಟೆ ಕೇಳಿ ಮೇಲೆ ಬಂದಿದ್ದ ಓಮಾ ಬಾಗಿಲಿಂದಲೇ ‘ನಿಖ್ಟ್ ತ್ಸೀಯೆನ್!’ ಎಂದು ಕೂಗಿದರು. ಎಳೆಯಬೇಡ ಅಂತ. ಆ ಹೆಂಗಸು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾವು ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ.

ಯಾಕೆ ಎಳೆಯಬಾರದು ಅಂತ ಡಾಕ್ಟರು ಎಕ್ಸ್‌ರೇ ತೋರಿಸಿ ಹೇಳಿದರು. ದಾರದ ಒಂದು ತುದಿ ನಾಲಿಗೆಯ ಬುಡದಲ್ಲೋ ಜಠರದ ಬಾಯಲ್ಲೋ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ತುದಿಯನ್ನು ಕರುಳು ತನ್ನ ಪಾಡಿಗೆ ಮುಂದೆ ತಳ್ಳುತ್ತಲೇ ಇರುತ್ತದೆ. ದಾರ ಮುಂದೆ ಹೋಗುವುದಿಲ್ಲ, ಆದ್ದರಿಂದ ಕರುಳೇ ದಾರದ ಮೇಲೆ ಏರಿ ನೆರಿಗೆ ನೆರಿಗೆಯಾಗಿ ಮುದುಡುತ್ತದೆ, ಲಂಗಕ್ಕೆ ಲಾಡಿ ಎಳೆದಾಗ ಬಟ್ಟೆ ಸುಕ್ಕಾಗುವ ಹಾಗೆ. ಬಿಗಿಯಾದ ದಾರ ಕರುಳಿನ ಗೋಡೆಯನ್ನು ಗರಗಸದಂತೆ ಕೊಯ್ಯುತ್ತದೆ. ಹೊರಗಿಂದ ಎಳೆದರೆ ಆ ಕೊಯ್ತವನ್ನು ನಾವೇ ಪೂರ್ತಿ ಮಾಡಿದಂತೆ. ಬೆಕ್ಕಿನ ನಾಲಿಗೆಯ ಮೇಲಿನ ಮುಳ್ಳುಗಳು ಗಂಟಲಿನ ಕಡೆಗೇ ಬಾಗಿರುತ್ತವೆ. ದಾರ ಒಮ್ಮೆ ಹೊಕ್ಕರೆ ಉಗುಳುವುದು ಅದಕ್ಕೆ ಬಲು ಕಷ್ಟ, ನುಂಗುತ್ತಾ ಹೋಗುವುದೇ ದಾರಿ.

ಮರಕ್ಕೆ ತೂಗುಬಿಡುವ ಬೆಳ್ಳಿ ಎಳೆ, ಇಲ್ಲಿಯವರು ಲಮೆಟ್ಟಾ ಅನ್ನುವುದು, ಮಾಡುವ ಕೆಲಸವೂ ಇದೇ. ಹಿಂದೆ ಅದನ್ನು ಸೀಸ, ತವರದಲ್ಲಿ ಮಾಡುತ್ತಿದ್ದರು, ಈಗ ಹೆಚ್ಚಾಗಿ ಪ್ಲಾಸ್ಟಿಕ್. ಲೋರಿಯೊ ಎಂಬ ಹಾಸ್ಯಗಾರರ 1978ರ ಟಿವಿ ಪ್ರಹಸನದಲ್ಲಿ ಮರದ ಮೇಲೆ ಲಮೆಟ್ಟಾ ಸಾಲದು ಅಂತ ಅಜ್ಜನೊಬ್ಬ ಗೊಣಗುವುದು ಜರ್ಮನ್ನರಿಗೆಲ್ಲ ಬಾಯಿಪಾಠ, ನಮ್ಮ ಜರ್ಮನ್ ಕ್ಲಾಸಲ್ಲೂ ತೋರಿಸಿದ್ದರು. ಅದನ್ನು ನಾವು ಮನೆಗೆ ತಂದಿರಲಿಲ್ಲ. ಲಮೆಟ್ಟಾ ಬೇಡ ಅಂತ ಜಾಣತನ ಮಾಡಿದ ನಾವು ಅದರ ತಮ್ಮನನ್ನು ಉಡುಗೊರೆಗೆ ಸುತ್ತಿ ಮರದ ಬುಡದಲ್ಲಿಟ್ಟೆವು.

ಡಿಸೆಂಬರ್ 26 ಇಲ್ಲಿ ಎರಡನೇ ಕ್ರಿಸ್‌ಮಸ್ ರಜೆ. ಪಶುವೈದ್ಯರ ಶುಲ್ಕಕ್ಕೆ ಸರ್ಕಾರಿ ದರಪಟ್ಟಿ ಇದೆ, 2022ರ ನವೆಂಬರ್‌ನಲ್ಲಿ ಪರಿಷ್ಕರಣೆಯಾದ ಮೇಲೆ ಏರಿದೆ. ರಾತ್ರಿ, ವಾರಾಂತ್ಯ, ರಜಾದಿನದ ತುರ್ತು ಸೇವೆಗೆ ದರ ಎರಡರಿಂದ ನಾಲ್ಕು ಪಟ್ಟು, ಅದರ ಮೇಲೆ 50 ಯೂರೋ ತುರ್ತು ಶುಲ್ಕ ಬೇರೆ. ಇದರಲ್ಲಿ ಡಾಕ್ಟರದ್ದೇನೂ ತಪ್ಪಿಲ್ಲ, ಹಬ್ಬದ ದಿನ ಮನೆಯವರನ್ನು ಬಿಟ್ಟು ಬಂದು ಎರಡು ಗಂಟೆ ಆಪರೇಷನ್ ಮಾಡಿದವರು ಅವರು. ಬಿಲ್ 1,400 ಯೂರೋ ದಾಟಿತು. ನಮ್ಮಂಥವರ ಬ್ಲಾಕ್ಡ್ ಅಕೌಂಟ್‌ನಿಂದ ತಿಂಗಳಿಗೆ ಬಿಡುಗಡೆಯಾಗುವುದು 992 ಯೂರೋ, ಅದರಲ್ಲೇ ಬಾಡಿಗೆ, ವಿಮೆ, ಊಟ. ‘ಮಾಡೋದಾ?’ ಎಂದು ಅವರು ಕೇಳಿದಾಗ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡ ಆ ಹತ್ತು ಸೆಕೆಂಡು ಇದೆಯಲ್ಲ, ಅದನ್ನು ಬರೆಯಲೆಂದೇ ಈ ಲೇಖನ ಶುರು ಮಾಡಿದ್ದು. ಬೇಡ ಅಂದಿದ್ದರೆ ಅವಳನ್ನು ನಿದ್ದೆ ಮಾಡಿಸುವುದೊಂದೇ ದಾರಿ. ದುಡ್ಡಿಲ್ಲ ಎನ್ನುವ ಕಾರಣಕ್ಕೆ, ಒಂದು ರಿಬ್ಬನ್ನಿಗೆ. ಮಂಗಳೂರಿನವಳು ‘ಮಾಡಿ’ ಅಂದಳು. ಆಮೇಲೆ ಸಂಘದ ಇಬ್ಬರು ಸೀನಿಯರ್‌ಗಳಿಗೆ ಫೋನ್ ಮಾಡಿ ಸಾಲ ಕೇಳಿದೆವು. ಒಬ್ಬರು ಏನೂ ಕೇಳದೆ ಕಳಿಸಿದರು. ಇನ್ನೊಬ್ಬರು ಕಳಿಸಿದರು, ಕಳಿಸುವ ಮುಂಚೆ ‘ಓದೋಕೆ ಬಂದವರು ಬೆಕ್ಕು ಯಾಕೆ ಸಾಕ್ತೀರಾ’ ಎಂದೂ ಕೇಳಿದರು.

ಆ ಪ್ರಶ್ನೆಗೆ ಅವತ್ತು ಸಿಟ್ಟು ಬಂತು. ಈಗ ಅದು ಸರಿಯಾದ ಪ್ರಶ್ನೆಯೇ ಅನ್ನಿಸುತ್ತದೆ, ಉತ್ತರ ಮಾತ್ರ ‘ಸಾಕಬಾರದು’ ಅಂತ ಅಲ್ಲ. ನಮ್ಮಲ್ಲಿ ಸೈಕಲ್, ಹಾಸಿಗೆ, ಕುಕ್ಕರ್ ಬ್ಯಾಚಿನಿಂದ ಬ್ಯಾಚಿಗೆ ಕೈ ಬದಲಾಗುತ್ತವೆ. ಗ್ರೂಪಲ್ಲಿ ಅದೇ ಪಟ್ಟಿಯ ಕೊನೆಗೆ ‘ಒಂದು ಬೆಕ್ಕು, ಫ್ರೀ’ ಅಂತಲೂ ನೋಡಿದ್ದೇವೆ. ಮರ ಎರಡು ವಾರ ಇರುತ್ತದೆ, ಮಾಸ್ಟರ್ಸ್ ಎರಡು ವರ್ಷ, ಬೆಕ್ಕು ಹದಿನೈದು ವರ್ಷ. ಜರ್ಮನಿಯ ಅನೇಕ ಪ್ರಾಣಿ ಆಶ್ರಯಗಳು ಕ್ರಿಸ್‌ಮಸ್ ಹತ್ತಿರದ ದಿನಗಳಲ್ಲಿ ಪ್ರಾಣಿಗಳನ್ನು ದತ್ತು ಕೊಡುವುದನ್ನೇ ನಿಲ್ಲಿಸುತ್ತವೆ. ಹಬ್ಬದ ಉಡುಗೊರೆಯಾಗಿ ಹೋದ ಮರಿ ಜನವರಿಯಲ್ಲಿ ವಾಪಸ್ ಬರುವುದನ್ನು ಅವರು ನೋಡಿ ನೋಡಿ ಸಾಕಾಗಿದ್ದಾರೆ. ನಮ್ಮ ಮನೆಯಲ್ಲಿ ಆಪರೇಷನ್ ಆದ ವಾರವೇ ಮೂವರೂ ಕೂತು ಒಂದು ಹಾಳೆಯಲ್ಲಿ ಬರೆದೆವು: ಥೀಸಿಸ್ ಮುಗಿದ ಮೇಲೆ ಯಾರು ಎಲ್ಲಿಗೆ ಹೋದರೂ ಎರಡೂ ಬೆಕ್ಕು ಹಾಸನದವಳ ಜೊತೆ, ಅವಳು ಊರಿಗೆ ಮರಳಿದರೆ ಮಂಗಳೂರಿನವಳ ಜೊತೆ. ತಿಂಗಳಿಗೆ ತಲಾ 25 ಯೂರೋ ಬೇರೆ ಖಾತೆಗೆ. ಈಗ ಅದರಲ್ಲಿ ಒಂದು ತುರ್ತಿಗೆ ಆಗುವಷ್ಟಿಲ್ಲದಿದ್ದರೂ ಅರ್ಧಕ್ಕೆ ಆಗುವಷ್ಟಿದೆ. ಬೆಕ್ಕಿನ ಖರ್ಚು ಅಂದರೆ ಮರಳು ಮತ್ತು ಆಹಾರ ಅಂತ ಲೆಕ್ಕ ಹಾಕಿ ತರುವವರು ಈ ಸಾಲನ್ನೂ ಎರಡು ಸಲ ಓದಲಿ.

ಮರದ ವಿಷಯಕ್ಕೇ ವಾಪಸ್ ಬಂದರೆ, ನಾವು ಎಲ್ಲಿ ಎಡವಿದೆವು ಅನ್ನೋದು ಈಗ ಸ್ಪಷ್ಟ. ಎರಡು ವಾರ ನಾವು ಮರವನ್ನು ಬೆಕ್ಕಿನಿಂದ ಕಾಪಾಡುತ್ತಿದ್ದೆವು. ಕೇಳಿಕೊಳ್ಳಬೇಕಾದ ಪ್ರಶ್ನೆ ಉಲ್ಟಾ ಇತ್ತು. ಹಾಗೆ ಕೇಳಿಕೊಂಡಿದ್ದರೆ ನೋಟ ಮರದ ತುದಿಯ ನಕ್ಷತ್ರ ಬಿಟ್ಟು ನೆಲಕ್ಕೆ, ಮೇಜಿಗೆ, ಕಸದ ಬುಟ್ಟಿಗೆ ಬರುತ್ತಿತ್ತು. ಆ ವಾರ ನಮ್ಮ ಮೇಜಿನ ಮೇಲೆ ಯಾರೋ ತಂದುಕೊಟ್ಟ ಅಮರಿಲ್ಲಿಸ್ ಹೂ ಇತ್ತು, ಅದೂ ಬೆಕ್ಕಿಗೆ ವಿಷ, ಗಡ್ಡೆ ಇನ್ನೂ ಹೆಚ್ಚು. ಪುಣ್ಯಕ್ಕೆ ಲಿಲ್ಲಿ ಇರಲಿಲ್ಲ. ಲಿಲ್ಲಿಯ ಎಲೆ, ಹೂ, ಮೈಗೆ ಅಂಟಿದ ಪರಾಗ, ಹೂದಾನಿಯ ನೀರು, ಯಾವುದಾದರೂ ಸಾಕು ಬೆಕ್ಕಿನ ಮೂತ್ರಪಿಂಡ ಹಾಳಾಗಲು. ಎಲ್ಲರೂ ಹೆದರುವ ಆ ಕೆಂಪೆಲೆಯ ಕ್ರಿಸ್‌ಮಸ್ ಗಿಡ, ಪಾಯಿನ್‌ಸೆಟ್ಟಿಯಾ, ಇವುಗಳ ಮುಂದೆ ಪಾಪದ್ದು. ಅದರ ಹಾಲು ಬಾಯಿ ಹೊಟ್ಟೆ ಕೆರಳಿಸುತ್ತದೆ, ಅಷ್ಟೆ. ಮರಕ್ಕೆ ನಿಜವಾದ ಮೇಣದ ಬತ್ತಿ ಹಚ್ಚುವ ಪದ್ಧತಿ ಇಲ್ಲಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ನೋಡಲು ಬಹಳ ಚೆಂದ, ಬೆಕ್ಕಿಲ್ಲದ ಮನೆಗೆ ಹೋಗಿ ನೋಡಿ ಬನ್ನಿ.

ಓಮಾ ಒಂದು ಮಾತು ಹೇಳಿದರು. ಅವರ ಮನೆಯಲ್ಲಿ ಮರ ಸಿಂಗಾರವಾಗುವುದು ಡಿಸೆಂಬರ್ 24ರಂದೇ, ಮುಂಚೆ ಅಲ್ಲ. ಜನವರಿ 6ರ ಮೂರು ರಾಜರ ಹಬ್ಬಕ್ಕೆ ಇಳಿಯುತ್ತದೆ. ಹಳೇ ಜರ್ಮನ್ ಪದ್ಧತಿ ಅದೇ. ಡಿಸೆಂಬರ್ ಒಂದಕ್ಕೇ ಮರ ನಿಲ್ಲಿಸುವುದನ್ನು ನಾವು ಕಲಿತದ್ದು ಹಾಲಿವುಡ್‌ನಿಂದ, ಪಕ್ಕದ ಮನೆಯಿಂದ ಅಲ್ಲ. ಬೆಕ್ಕಿನ ಲೆಕ್ಕದಲ್ಲಿ ನೋಡಿದರೆ ಐದು ವಾರದ ಅಪಾಯ ಎರಡು ವಾರಕ್ಕೆ ಇಳಿಯಿತು, ಅದೂ ಮನೆಯಲ್ಲಿ ಎಲ್ಲರೂ ಇರುವ ರಜೆಯ ಎರಡು ವಾರ. ಇಷ್ಟು ಒಳ್ಳೆಯ ಉಪಾಯ ಲೆಕ್ಕ ಹಾಕಿ ಹಾಕಿ ನಮಗೆ ಹೊಳೆದಿರಲಿಲ್ಲ. ಮತ್ತೆ, ಚಳಿಗಾಲದ ರಜೆಗೆ ಊರಿಗೆ ಹಾರುವವರು ‘ಫ್ರೆಂಡ್ ದಿನಾ ಒಮ್ಮೆ ಬಂದು ಊಟ ಹಾಕ್ತಾನೆ’ ಎಂದು ಮರ, ದೀಪ, ಬೆಕ್ಕು ಮೂರನ್ನೂ ಒಂದೇ ಕೋಣೆಯಲ್ಲಿ ಬಿಟ್ಟು ಹೋಗುವುದನ್ನು ನಾವು ಸಭ್ಯವಾಗಿ ಒಪ್ಪಲಾರೆವು. ಚಕ್ಕುಲಿ ವಾಂತಿ ಮಾಡಿದ್ದನ್ನು ನೋಡಿದ್ದಕ್ಕೆ ಅವಳು ಉಳಿದಳು. ದಿನಕ್ಕೆ ಒಮ್ಮೆ ಬರುವವನಿಗೆ ಮಂಚದ ಕೆಳಗಿನ ಬೆಕ್ಕು ಕಾಣುವುದಿಲ್ಲ.

ಚಕ್ಕುಲಿ ಹತ್ತು ದಿನ ಕೊರಳಿಗೆ ಪ್ಲಾಸ್ಟಿಕ್ ಕೊಳಗ ಹಾಕಿಕೊಂಡು ಗೋಡೆಗೆಲ್ಲ ಡಿಕ್ಕಿ ಹೊಡೆದಳು. ಹೊಟ್ಟೆಯ ಮೇಲೆ ಬೋಳಿಸಿದ ಕೂದಲು ಮಾರ್ಚ್‌ಗೆ ಬೆಳೆಯಿತು. ಈಗ ಮೂರೂವರೆ ಕೆಜಿ. ಬೋಂಡ ನಾಲ್ಕೂವರೆ ಆಗಿದ್ದಾನೆ, ಆದ್ದರಿಂದ ಮೇಲಿನ ಲೆಕ್ಕವನ್ನು ಹೊಸದಾಗಿ ಮಾಡಬೇಕಾಯ್ತು. 60 ಸೆಂಟಿಮೀಟರ್ ಪಾದದ ಸ್ಟ್ಯಾಂಡ್ ಸೆಕೆಂಡ್ ಹ್ಯಾಂಡ್ ಸಿಕ್ಕಿದೆ, ಆದರೂ ಅಕ್ಕಿ ಮೂಟೆ ಮತ್ತು ಹಗ್ಗ ಎರಡೂ ಇರುತ್ತವೆ. ಹಳೇ ಸ್ಟ್ಯಾಂಡ್ ಬೇಕು ಅಂತ ಯಾರೋ ಗ್ರೂಪಲ್ಲಿ ಕೇಳಿದ್ದರು. ನಿಮ್ಮ ಮನೆಯಲ್ಲಿ ಬೆಕ್ಕಿಲ್ಲದಿದ್ದರೆ ಬಂದು ತಗೊಂಡು ಹೋಗಿ.

ಈ ಡಿಸೆಂಬರ್ 24ರ ಸಂಜೆ ನಮ್ಮ ಮನೆಯಲ್ಲಿ ಮರ ಸಿಂಗರಿಸುತ್ತೇವೆ, ಓಮಾ ಕೂಡ ಬರುತ್ತಾರೆ. ಊರಿಗೆ ಹೋಗದೆ ಇಲ್ಲೇ ಉಳಿದವರೆಲ್ಲ ಬನ್ನಿ. ಕುಸ್ವಾರ್ ಮಂಗಳೂರಿನಿಂದ ಪಾರ್ಸೆಲ್ ಬಂದರೆ ಬರುತ್ತದೆ, ಇಲ್ಲದಿದ್ದರೆ ಚಿತ್ರಾನ್ನ ಅಂತೂ ಇದೆ. ಸಂಘದ ಉಡುಗೊರೆ ವಿನಿಮಯಕ್ಕೆ ಈ ವರ್ಷ ಹಳೇ ಪೇಪರ್ ಸುತ್ತಿ ಗಮ್ ಟೇಪ್ ಹಚ್ಚಿ ತನ್ನಿ ಎಂದು ಕಮಿಟಿಯವರು ಒಪ್ಪಿದ್ದಾರೆ. ರಿಬ್ಬನ್ ಕಟ್ಟಿದ್ದರೆ ಬಾಗಿಲಲ್ಲೇ ಕತ್ತರಿಸಿ ಕೈಗೆ ವಾಪಸ್ ಕೊಡುತ್ತೇವೆ, ಬೇಜಾರು ಮಾಡ್ಕೋಬೇಡಿ.